ಗೋಡೆ ಮೇಲೆ ‘ಹಾವಿನ ತಲೆ’ಯ ಚಿಟ್ಟೆ: ಮುಟ್ಟಿದರೆ ವಿಷವೇ?

ಮಳೆಗಾಲ ಬಂದರೆ ಸಾಕು, ಈ ಫೋಟೊ ವಾಟ್ಸಾಪ್‌ ಗುಂಪುಗಳಲ್ಲಿ ಮತ್ತೆ ಹಾರಾಡುತ್ತದೆ. ಗೇಣುದ್ದದ ಕಂದು ರೆಕ್ಕೆ, ಎರಡೂ ತುದಿಯಲ್ಲಿ ಹಾವಿನ ತಲೆ. ಜೊತೆಗೊಂದು ಎಚ್ಚರಿಕೆ: ‘ಇದು ವಿಷದ ಚಿಟ್ಟೆ, ಮನೆಗೆ ಬಂದರೆ ಅಪಶಕುನ, ಮೊಟ್ಟೆ ಕಾಯಲು ಹಾವಿನ ವೇಷ ಹಾಕುತ್ತದೆ.’ ಇದರಲ್ಲಿ ನಿಜವೆಷ್ಟು?

ಇದು ಯಾವ ಜೀವಿ?

ಇದು ಅಟ್ಲಾಸ್ ಪತಂಗ. ಜಗತ್ತಿನ ಅತಿ ದೊಡ್ಡ ಪತಂಗಗಳಲ್ಲಿ ಒಂದು. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 25 ಸೆಂ.ಮೀ. ತನಕ ಇರಬಹುದು. ಫೋಟೊ ನಕಲಿಯಲ್ಲ. ಏಷ್ಯಾದ ಕಾಡುಗಳಲ್ಲಿ, ನಮ್ಮ ಪಶ್ಚಿಮ ಘಟ್ಟದಲ್ಲೂ ಈ ಗುಂಪಿನ ಪತಂಗಗಳಿವೆ. ರಾತ್ರಿ ಹಾರಾಡುವ ಇವು ದೀಪದ ಬೆಳಕಿಗೆ ದಿಕ್ಕು ತಪ್ಪಿ ಮನೆ ಸೇರುತ್ತವೆ. ಶಕುನಕ್ಕೂ ಇದಕ್ಕೂ ಸಂಬಂಧವಿಲ್ಲ, ಸಂಬಂಧ ಇರುವುದು ನಿಮ್ಮ ಜಗಲಿಯ ಬಲ್ಬಿಗೆ.

ವಿಷ ಇದೆಯೇ?

ಇಲ್ಲ. ಇದಕ್ಕೆ ಕುಟುಕುವ ಕೊಂಡಿಯಿಲ್ಲ. ಕಚ್ಚುವುದಂತೂ ದೂರದ ಮಾತು, ಏನನ್ನಾದರೂ ತಿನ್ನುವ ಬಾಯಿಯೇ ಇಲ್ಲ! ರೇಷ್ಮೆ ಬೆಳೆಗಾರರಿಗೆ ಇದು ಹೊಸದಲ್ಲ: ಗೂಡಿನಿಂದ ಹೊರಬಂದ ರೇಷ್ಮೆ ಪತಂಗವೂ ಏನೂ ತಿನ್ನುವುದಿಲ್ಲ. ಅಟ್ಲಾಸ್ ಕೂಡ ಕಂಬಳಿಹುಳುವಾಗಿದ್ದಾಗ ದಾಲ್ಚಿನ್ನಿ, ಸೀಬೆ, ನಿಂಬೆ ಜಾತಿಯ ಎಲೆ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಬದುಕು ಮುಗಿಸುತ್ತದೆ. ಆ ಬದುಕು ಹೆಚ್ಚೆಂದರೆ ಒಂದೆರಡು ವಾರ.

ಹಾವಿನ ತಲೆ ಯಾಕೆ?

ಹಕ್ಕಿ, ಹಲ್ಲಿಗಳನ್ನು ಬೆದರಿಸಲು ಇರಬಹುದು ಎಂಬುದು ಅನೇಕ ಕೀಟತಜ್ಞರ ಅಭಿಪ್ರಾಯ. ಆದರೆ ‘ಮೊಟ್ಟೆ ಕಾಯಲು’ ಎಂಬುದು ಸುಳ್ಳು. ಹೆಣ್ಣು ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ, ಕಾವಲು ಕೂರುವುದಿಲ್ಲ.

ಅಪರೂಪ ಯಾಕೆ?

ಕಾಡಂಚಿನ ಊರುಗಳಲ್ಲಿ ಇದು ತೀರಾ ಅಪರೂಪವಲ್ಲ. ರಾತ್ರಿ ಸಂಚಾರ, ಕೆಲವೇ ದಿನಗಳ ಆಯಸ್ಸು, ಹಾಗಾಗಿ ಕಣ್ಣಿಗೆ ಬೀಳುವುದು ಕಡಿಮೆ. ಎಲ್ಲಿ ಕಂಡಿತು ಎಂಬುದೂ ಮುಖ್ಯ. 2022ರ ಜುಲೈನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರದ ಮನೆಯೊಂದರ ಗ್ಯಾರೇಜಿನಲ್ಲಿ ಇದು ಸಿಕ್ಕಾಗ ಕೃಷಿ ಇಲಾಖೆ ಜನರಿಗೆ ಎಚ್ಚರಿಕೆ ನೀಡಿತ್ತು. ಕಾರಣ ವಿಷವಲ್ಲ. ಪರದೇಶದ ಕೀಟ ಅಲ್ಲಿ ನೆಲೆಯೂರಿದರೆ ಗಿಡಮರಗಳಿಗೆ ತೊಂದರೆ ಎಂಬ ಆತಂಕ. ಇಲ್ಲಿ ಅದು ಪರಕೀಯನಲ್ಲ, ಈ ಮಣ್ಣಿನದೇ ಜೀವಿ.

ಮನೆಗೆ ಬಂದರೆ ಏನು ಮಾಡಬೇಕು?

• ಹೊರಗಿನ ದೀಪ ಆರಿಸಿ. ಕತ್ತಲಾದರೆ ತಾನೇ ಹಾರಿಹೋಗುತ್ತದೆ.
• ರೆಕ್ಕೆ ಹಿಡಿಯಬೇಡಿ, ಪುಡಿಯಂಥ ಹುರುಪೆ ಉದುರಿ ರೆಕ್ಕೆಗೆ ಹಾನಿಯಾಗುತ್ತದೆ. ಜಾಗ ಬದಲಿಸಲೇಬೇಕಿದ್ದರೆ ಕಡ್ಡಿಯೊಂದರ ಮೇಲೆ ಹತ್ತಿಸಿಕೊಂಡು ಗಿಡಕ್ಕೆ ಬಿಡಿ.
• ಸಕ್ಕರೆ ನೀರು, ಹಣ್ಣು ಇಡುವುದು ವ್ಯರ್ಥ.
• ಡಬ್ಬಿಯಲ್ಲಿ ಮುಚ್ಚಿಡಬೇಡಿ. ಹೆಣ್ಣು ಸೂಸುವ ವಾಸನೆ ಹಿಡಿದು ಗಂಡು ದೂರದಿಂದ ಹುಡುಕಿ ಬರುತ್ತದೆ. ಅದರ ಪಾಲಿನ ಬೆರಳೆಣಿಕೆಯ ರಾತ್ರಿಗಳಲ್ಲಿ ಒಂದು ಹೋದರೂ ಮುಂದಿನ ಪೀಳಿಗೆಯೇ ತಪ್ಪಬಹುದು.

ಫೋಟೊ ತೆಗೆಯಿರಿ, ಹಂಚಿಕೊಳ್ಳಿ. ‘ವಿಷ’ ಎಂಬ ಸಾಲನ್ನು ಮಾತ್ರ ಅಳಿಸಿ. ಆ ಒಂದು ಪದ ಓದಿ ಯಾರೋ ಪೊರಕೆ ಎತ್ತಿಕೊಳ್ಳುತ್ತಾರೆ.