ಬಾವಿ ಬತ್ತುವ ವಾರದಲ್ಲಿ ಅಲೆಯಾಟದ ಪ್ರವಾಸವೇ?

ಮಲೆನಾಡಿನ ಮನೆಗಳಿಗೆ ಮೇ ತಿಂಗಳೆಂದರೆ ಹಲಸಿನ ಹಪ್ಪಳದ, ಮುರುಗಲು ಸಿಪ್ಪೆ ಒಣಗಿಸುವ ತಿಂಗಳು. ಈಚಿನ ವರ್ಷಗಳಲ್ಲಿ ಈ ಕೆಲಸಗಳ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಅದು ಪರದೇಶದಿಂದ ಬರುವ ನೆಂಟರಿಗಾಗಿ ಪ್ರವಾಸದ ಯಾದಿ ಬರೆಯುವ ಕೆಲಸ. ಆ ಯಾದಿಯ ತುದಿಯಲ್ಲಿ ತಪ್ಪದೆ ಕಾಣುವ ಹೆಸರು ಥೀಮ್ ಪಾರ್ಕಿನದು. ಅದರಲ್ಲಿಯೂ ನೀರಿನ ಆಟಗಳಿರುವ ಜಲೋದ್ಯಾನದ್ದು.

2024ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿಯೂ ಇಂಥದೊಂದು ಯಾದಿ ಸಿದ್ಧವಾಯಿತು. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ನೆಲೆಸಿರುವ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ನಾಲ್ಕು ವರ್ಷಗಳ ನಂತರ ಊರಿಗೆ ಬರುವವರಿದ್ದರು. ಅಲ್ಲಿಯ ಶಾಲೆಗಳು ಮುಚ್ಚುವ ಹೊತ್ತಿಗೆ ನಮ್ಮ ಶಾಲೆಗಳು ತೆರೆಯುತ್ತವೆ. ಎರಡೂ ಕಡೆಯ ಮಕ್ಕಳಿಗೆ ಒಟ್ಟಾಗಿ ದೊರೆಯುವುದು ಮೇ ಕೊನೆಯ ಮೂರೋ ನಾಲ್ಕೋ ದಿನ. ಆ ದಿನಗಳಲ್ಲಿ ಹನ್ನೊಂದು ಜನ ಟೆಂಪೋ ಟ್ರಾವೆಲರ್ ಮಾಡಿಕೊಂಡು, ಶಿರಸಿ ಸೀಮೆಯಿಂದ ಸುಮಾರು 400 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ, ಅಲ್ಲಿಯ ಜಲೋದ್ಯಾನವೊಂದರಲ್ಲಿ ಇಡೀ ದಿನ ಕಳೆಯುವುದೆಂದು ನಿಶ್ಚಯವಾಯಿತು. ಯಾದಿ ಬರೆದವನು ನಾನೇ. ಟಿಕೆಟ್ ದರ ವಿಚಾರಿಸಿದವನೂ ನಾನೇ. ಆದ್ದರಿಂದ ಈ ಲೇಖನದ ಮೊದಲ ಆರೋಪಿ ನಾನೆಂದು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಮಣ್ಣು ಮತ್ತು ನೀರಿನ ಅಧ್ಯಯನ ನನ್ನ ವೃತ್ತಿ. ಹಾಗಾಗಿ ಭಾನುವಾರ ಮುಂಜಾನೆ ಗಂಟು ಹಾಕಿದ ಹಗ್ಗವನ್ನು ಮನೆಯ ಬಾವಿಗೆ ಇಳಿಸಿ, ನೀರಿನ ಆಳವನ್ನು ಅಳೆದು ಬರೆದಿಡುವ ರೂಢಿ ಇದೆ. ನನ್ನ ಪುಸ್ತಕದಲ್ಲಿ ವರ್ಷದ ಅತ್ಯಂತ ಕಡಿಮೆ ಅಂಕೆ ಕಾಣಿಸುವುದು ಮೇ ತಿಂಗಳ ಕೊನೆಯಲ್ಲಿ. ಪ್ರವಾಸ ನಿಶ್ಚಯವಾದ ಮರುದಿನ ಅಳೆದಾಗ ಬಾವಿಯಲ್ಲಿ ಇದ್ದದ್ದು ಎರಡು ಅಡಿ ನೀರು. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ್ದ ವರ್ಷ ಅದು. ನಡುವೆ ಎರಡು ಅಡ್ಡಮಳೆ ಬಿದ್ದಿದ್ದರೂ ಬಾವಿಯ ಮಟ್ಟ ಏರಿರಲಿಲ್ಲ. ಆಯಿ ಪಾತ್ರೆ ತೊಳೆದ ನೀರನ್ನು ಬಸಳೆ ಬುಡಕ್ಕೆ ಚೆಲ್ಲುತ್ತಿದ್ದರು. ಜಗುಲಿಯಲ್ಲಿ ಕುಳಿತ ನಾನು ಅಲೆಕೊಳದ ಆಟದ ಸಮಯ ಬೆಳಗ್ಗೆಯೋ ಮಧ್ಯಾಹ್ನವೋ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಒಂದೇ ಮನೆಯಲ್ಲಿ ಎರಡು ನೀರಿನ ಶಾಸ್ತ್ರ!

ಅಂದು ಆ ಯಾದಿಯ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿದೆ. ಓದುಗರು ಬೇಕಾದರೆ ತಾವೇ ಹಾಕಿ ನೋಡಬಹುದು. ಒಂದು ಚದರ ಮೀಟರ್ ನೀರಿನ ಮೇಲ್ಮೈಯಿಂದ ಒಂದು ಮಿಲಿಮೀಟರ್ ಆವಿಯಾದರೆ ಹೋದದ್ದು ಒಂದು ಲೀಟರ್ ನೀರು. ಬಯಲುಸೀಮೆಯ ಬೇಸಿಗೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ ಆವಿಯಾಗುವುದು 6 ಮಿ.ಮೀ. ಎಂದು ಕಡಿಮೆಯ ಲೆಕ್ಕವನ್ನೇ ಹಿಡಿಯೋಣ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅಂದರೆ ಒಂದು ಎಕರೆ ವಿಸ್ತಾರದ ಕೊಳಗಳಿಂದ ದಿನವೊಂದಕ್ಕೆ 24,000 ಲೀಟರಿಗೂ ಮಿಕ್ಕಿ ನೀರು ಆಕಾಶಕ್ಕೆ ಹೋಗುತ್ತದೆ. ಗ್ರಾಮೀಣ ಕುಡಿಯುವ ನೀರಿನ ಯೋಜನೆಯಲ್ಲಿ ಸರ್ಕಾರ ತಲೆಗೆ ನಿಗದಿಪಡಿಸಿರುವುದು ದಿನಕ್ಕೆ 55 ಲೀಟರ್. ಆ ಮಾಪನದಲ್ಲಿ ಇದು ಸುಮಾರು 440 ಜನರ ಒಂದು ದಿನದ ನೀರು. ತೋಟದವರ ಭಾಷೆಯಲ್ಲಿ ಹೇಳುವುದಾದರೆ, ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ 1,200 ಮರಗಳ, ಅಂದರೆ ಎರಡು ಎಕರೆಗೂ ಹೆಚ್ಚಿನ ತೋಟದ, ಒಂದು ದಿನದ ಬಾಯಾರಿಕೆ. ಅಲೆ ಎಬ್ಬಿಸಿದಾಗ, ಎತ್ತರದಿಂದ ಸುರಿಸಿದಾಗ, ಮೈಮೇಲೆ ಹನಿಯಾಗಿ ಸಿಂಪಡಿಸಿದಾಗ ಈ ನಷ್ಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದಕ್ಕೆ ಸಿದ್ಧ ಉತ್ತರವೊಂದಿದೆ: "ಅವರು ನೀರನ್ನು ಶುದ್ಧೀಕರಿಸಿ ಮರುಬಳಕೆ ಮಾಡುತ್ತಾರೆ." ಮಾಡುತ್ತಾರೆ, ನಿಜ. ಮಳೆನೀರು ಕೊಯ್ಲು ಮಾಡುವವರೂ ಇದ್ದಾರೆ. ಆದರೆ ಶೋಧಕಕ್ಕೆ ಹಿಂದಿರುಗುವುದು ಕೊಳದಲ್ಲಿ ಉಳಿದ ನೀರೇ ವಿನಾ ಆವಿಯಾದ ನೀರಲ್ಲ. ಆ ಶೋಧಕದ ಮರಳನ್ನು ತೊಳೆಯಲು ಹಿಮ್ಮುಖವಾಗಿ ಹಾಯಿಸಿ ಹೊರಬಿಡುವ ನೀರೂ ಹೊಸದಾಗಿ ತುಂಬಬೇಕಾದದ್ದೇ. ಸ್ನಾನದ ಮನೆಗಳ ನೀರು, ಬಟ್ಟೆಗೆ ಅಂಟಿ ಹೋದ ನೀರು, ಕಟ್ಟೆ ದಾಟಿ ಚೆಲ್ಲಿದ ನೀರು ಇವೆಲ್ಲ ಬೇರೆ. ಇಷ್ಟನ್ನೂ ಒದಗಿಸುವುದು ಬಹುಮಟ್ಟಿಗೆ ನೆಲದಾಳವೇ ತಾನೇ?

"ಹಣ ಕೊಟ್ಟೇ ಹೋಗುತ್ತೇವಲ್ಲ?" ಎಂಬುದು ಎರಡನೆಯ ಉತ್ತರ. ನಾವು ಬೆಲೆ ತೆರುವುದು ಯಂತ್ರಕ್ಕೆ, ವಿದ್ಯುತ್ತಿಗೆ, ಕಾವಲುಗಾರನಿಗೆ. ಬೇಲಿಯಾಚೆಯ ರೈತನ ಕೊಳವೆಬಾವಿಯೂ ಅದೇ ನೆಲದಾಳದ ನೀರನ್ನು ನೆಚ್ಚಿಕೊಂಡಿದೆ. ಅವನಿಗೆ ನಮ್ಮ ಟಿಕೆಟಿನಲ್ಲಿ ಎಷ್ಟು ಪೈಸೆಯ ಪಾಲಿದೆ?

ಈಗ ನೆಂಟರ ಊರಿನ ಕಥೆಯನ್ನು ಕೇಳಿ. ಸ್ಯಾನ್ ಆಂಟೋನಿಯೊದಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿದೆ. 1979ರಲ್ಲಿ ಆರಂಭವಾದ ಶ್ಲಿಟರ್‌ಬಾನ್ ಎಂಬ ಹೆಸರಾಂತ ಜಲೋದ್ಯಾನ ಅಲ್ಲಿಯೇ, ಕೋಮಲ್ ನದಿಯ ದಡದಲ್ಲಿದೆ. ಮನೆಯ ಹತ್ತಿರ ಅಂಥದನ್ನು ಇಟ್ಟುಕೊಂಡ ಮಕ್ಕಳನ್ನು ನಾವು ಅದೇ ಆಟದ ನಕಲು ತೋರಿಸಲು 400 ಕಿ.ಮೀ. ಹೊತ್ತೊಯ್ಯಲು ಹೊರಟಿದ್ದೆವು!

ಕೋಮಲ್ ನದಿ ಹುಟ್ಟುವುದು ಎಡ್ವರ್ಡ್ಸ್ ಎಂಬ ಸುಣ್ಣಕಲ್ಲಿನ ಜಲಧರದಿಂದ ಉಕ್ಕುವ ಒರತೆಗಳಲ್ಲಿ. ಸ್ಯಾನ್ ಆಂಟೋನಿಯೊ ನಗರ ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದೂ ಮುಖ್ಯವಾಗಿ ಅದೇ ಜಲಧರವನ್ನು. 1950ರ ದಶಕದ ದೀರ್ಘ ಬರದಲ್ಲಿ ಪಂಪುಗಳು ನಿಲ್ಲಲಿಲ್ಲ, ಮಳೆ ಬರಲಿಲ್ಲ. 1956ರಲ್ಲಿ ಆ ಒರತೆಗಳು ತಿಂಗಳುಗಟ್ಟಲೆ ಸಂಪೂರ್ಣ ನಿಂತುಹೋದವು. ಮುಂದೆ ಪರಿಸರವಾದಿಗಳು ನ್ಯಾಯಾಲಯಕ್ಕೆ ಹೋದರು. ಒರತೆಯನ್ನೇ ನೆಚ್ಚಿ ಬದುಕುವ, ಒಂದು ಅಂಗುಲದ ಆಸುಪಾಸಿನ ಪುಟ್ಟ ಮೀನು ಸಹಿತ ಅಳಿವಿನಂಚಿನ ಜೀವಿಗಳ ಉಳಿವು ಅಲ್ಲಿಯ ವಾದದ ಕೇಂದ್ರವಾಗಿತ್ತು. 1993ರಲ್ಲಿ ಟೆಕ್ಸಾಸ್ ಶಾಸನಸಭೆ ಈ ಜಲಧರಕ್ಕಾಗಿಯೇ ಒಂದು ಪ್ರಾಧಿಕಾರವನ್ನು ರಚಿಸಬೇಕಾಯಿತು. ಇಂದು ಸ್ಯಾನ್ ಆಂಟೋನಿಯೊದ ಒಂದು ಗುರುತಿನ ಬಾವಿಯಲ್ಲಿ ನೀರಿನ ಮಟ್ಟ ಸಮುದ್ರಮಟ್ಟದಿಂದ 660 ಅಡಿಗಿಂತ ಕೆಳಗೆ ಇಳಿದರೆ, ಪರವಾನಗಿ ಪಡೆದವರು ಎತ್ತುವ ನೀರಿನಲ್ಲಿ ಶೇ. 20ರ ಕಡಿತ ಜಾರಿಗೆ ಬರುತ್ತದೆ. ಮಟ್ಟ ಇನ್ನೂ ಇಳಿದಂತೆ ಕಡಿತವೂ ಏರುತ್ತದೆ. ಟೆಕ್ಸಾಸನ್ನು ಆದರ್ಶವೆಂದು ಕೊಂಡಾಡುವುದು ನನ್ನ ಉದ್ದೇಶವಲ್ಲ. ಅಲ್ಲಿಯ ಭೋಗಕ್ಕೆ ಮಿತಿಯಿಲ್ಲವೆಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಆ ಭೋಗದ ನಾಡೂ ಒಂದು ಬಾವಿಯ ಅಳತೆಗೆ ತಲೆಬಾಗುವುದನ್ನು ಕಲಿತಿದೆ. ನಾವು ಅವರ ಜಾರುಬಂಡೆಯನ್ನು ತಂದೆವು, ಅಳತೆಯ ಹಗ್ಗವನ್ನು ಅಲ್ಲಿಯೇ ಬಿಟ್ಟು ಬಂದೆವು.

ನಮ್ಮಲ್ಲಿ ಹಗ್ಗ ನೆನಪಾಗುವುದು ಕುತ್ತಿಗೆಗೆ ಬಂದಾಗ ಮಾತ್ರ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಸಾರಿತು. ಹೋಳಿಯ ಹೊತ್ತಿಗೆ ರೇನ್ ಡ್ಯಾನ್ಸ್‌ಗೆ ಕಾವೇರಿ ನೀರನ್ನಾಗಲಿ ಕೊಳವೆಬಾವಿಯ ನೀರನ್ನಾಗಲಿ ಬಳಸಬಾರದೆಂದೂ ಹೇಳಿತು. ಆದರೆ ಒಂದು ಹಬ್ಬದ ಮಟ್ಟಿಗೆ ತಪ್ಪಾದದ್ದು ಇಡೀ ಬೇಸಿಗೆಯ ವ್ಯಾಪಾರಕ್ಕೆ ಒಪ್ಪಾಗುವುದು ಹೇಗೆ? ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆಯ ನಾವು, ಮಳೆಗಾಲಕ್ಕೆ ಒಂದು ವಾರವಿರುವಾಗ, 900 ಚಿಲ್ಲರೆ ಮಿ.ಮೀ. ಮಳೆಯ ಊರಿಗೆ ಹೋಗಿ, ಕೃತಕ ಮಳೆಯಲ್ಲಿ ಕುಣಿದು ಬರುವುದಕ್ಕೆ ಯಾವ ಹೆಸರು ಕೊಡೋಣ?

ಇಲ್ಲಿ ನಮ್ಮ ಚಳವಳಿಯ ಬಂಧುಗಳಿಗೇ ಒಂದು ಮಾತು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವನೆಯನ್ನು ವಿರೋಧಿಸಿ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಶರಾವತಿ ನಮ್ಮದು ಎಂದು ನಾವೆಲ್ಲ ಕೂಗಿದೆವು, ಸರಿಯಾಗಿಯೇ ಕೂಗಿದೆವು. ಜಲೋದ್ಯಾನದ ಕೊಳಕ್ಕೆ ಶರಾವತಿಯ ನೀರು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ನೆಲದ ನೀರನ್ನು ಆಟಕ್ಕೆ ಬರಿದುಮಾಡಿದ ನಗರ ಮುಂದೆ ಕೈ ಚಾಚುವುದು ಯಾವ ನದಿಗೆ? ಜುಲೈಯಲ್ಲಿ ಅಂಗಡಿ ಮುಚ್ಚಿ ಪ್ರತಿಭಟಿಸಿದವರು ಮೇ ತಿಂಗಳಲ್ಲಿ ಟಿಕೆಟಿನ ಸರದಿಯಲ್ಲಿ ನಿಂತರೆ, ನಗರದ ದಾಹವೆಂದು ನಾವು ಬೈಯುವುದರಲ್ಲಿ ನಮ್ಮ ಪಾಲೂ ಸೇರುತ್ತದೆ.

ಬಯಲುಸೀಮೆಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ದಾಂಡೇಲಿಯಿಂದ ಕೊಡಗಿನವರೆಗೆ ಘಟ್ಟದ ಮೇಲಿನ ರೆಸಾರ್ಟ್, ಹೋಂಸ್ಟೇಗಳ ಫಲಕಗಳಲ್ಲಿ ಈಜುಕೊಳ, ರೇನ್ ಡ್ಯಾನ್ಸ್ ಎಂಬ ಪದಗಳು ಈಗ ಸಾಮಾನ್ಯ. ಅಡಿಕೆ ದಬ್ಬೆಯಲ್ಲಿ ಅಬ್ಬಿಯ ನೀರು ಹಾಯಿಸಿಕೊಂಡಿದ್ದ ಊರುಗಳಲ್ಲಿ ಕೊಳವೆಬಾವಿಗಳು ಬಂದಿವೆ. ನೀರು ಇಂಗಿಸುತ್ತಿದ್ದ ಗದ್ದೆಗಳನ್ನು ನಾವೇ ತೋಟ ಮಾಡಿದ್ದೇವೆ. ಮೇಲಿನ ಲೆಕ್ಕದ 20 ಲೀಟರ್ ನಮ್ಮ ಅಡಿಕೆಗೂ ಅನ್ವಯಿಸುತ್ತದೆ ಎಂಬುದನ್ನು ಕೃಷಿ ವಿಜ್ಞಾನಿಯಾಗಿ ನಾನು ಮರೆಮಾಚಲಾರೆ. ಬಾವಿಯ ಎರಡು ಅಡಿಗೆ ಜಲೋದ್ಯಾನದ ಮಾಲೀಕ ಕಾರಣನಲ್ಲ, ನಾವೇ ಕಾರಣ. ಆದ್ದರಿಂದಲೇ ಆ ವಾರದಲ್ಲಿ ನಾವು ಊರಲ್ಲಿ ಇರಬೇಕಾಗಿತ್ತು.

ಪ್ರವಾಸವನ್ನು ರದ್ದುಪಡಿಸಿದೆ. ದೂರವಾಣಿಯಲ್ಲಿ ತಿಳಿಸಿದಾಗ ಅಕ್ಕ, "ಮಕ್ಕಳಿಗೆ ಹೇಳಿಯಾಗಿದೆಯಲ್ಲೋ ತಮ್ಮಾ" ಎಂದು ಕ್ಷಣಕಾಲ ಸುಮ್ಮನಾದಳು. ಭಾವ ನಕ್ಕುಬಿಟ್ಟರು: "ನಮಗೆ ಅದು ನೋಡಿ ನೋಡಿ ಸಾಕಾಗಿದೆ. ನಿಮ್ಮ ಮಕ್ಕಳಿಗೆ ಖುಷಿಯಾಗಲೆಂದು ಹ್ಞೂಂ ಎಂದಿದ್ದೆವು." ನಾವು ಅವರಿಗಾಗಿ, ಅವರು ನಮಗಾಗಿ! ನಮ್ಮ ಬೇಸಿಗೆಯಲ್ಲಿ ತೋರಿಸಲು ಏನೂ ಇಲ್ಲವೆಂಬ ಕೀಳರಿಮೆ ನಮ್ಮದು. ಊರಿನವರ ಆಸೆಗೆ ತಣ್ಣೀರೆರಚಬಾರದೆಂಬ ದಾಕ್ಷಿಣ್ಯ ಅವರದು. ಇವೆರಡರ ನಡುವೆ ಬೆಳೆದು ನಿಂತ ಉದ್ಯಮಕ್ಕೆ ಮನರಂಜನೆ ಎಂದು ಹೆಸರು.

ಆದರೆ ಅತ್ತವರೂ ಇದ್ದರು. ಅತ್ತದ್ದು ಅಮೆರಿಕದ ಮಕ್ಕಳಲ್ಲ, ಹನ್ನೊಂದು ವರ್ಷದ ನನ್ನ ಮಗಳು. "ತರಗತಿಯಲ್ಲಿ ಎಲ್ಲರೂ ಹೋಗಿ ಬಂದಿದ್ದಾರೆ. ನಾವು ಮಾತ್ರ ಯಾಕೆ ಹೋಗಬಾರದು ಅಪ್ಪಾ?" ಎಂದಳು. ನೀರಿನ ಲೆಕ್ಕದ ಹಾಳೆಯನ್ನು ಅವಳ ಮುಂದೆ ಹಿಡಿಯುವಷ್ಟು ಕ್ರೂರಿ ನಾನಾಗಲಿಲ್ಲ. ಕಾಡು, ಹಳ್ಳ, ಜೇನು ಇವೇ ನಮ್ಮ ಉದ್ಯಾನ ಎಂದು ಉಪದೇಶಿಸಲೂ ಇಲ್ಲ. ಮಕ್ಕಳು ಅಂಥ ಮಾತಿನ ಪೊಳ್ಳನ್ನು ಬೇಗ ಗುರುತಿಸುತ್ತಾರೆ. "ಆಟ ತಪ್ಪಲ್ಲ, ಈ ತಿಂಗಳು ತಪ್ಪು. ಕೆರೆಬಾವಿ ತುಂಬಿದ ಮೇಲೆ ಹೋಗೋಣ" ಎಂದೆ. ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಉಳಿದ ದಿನಗಳಲ್ಲಿ ಮಕ್ಕಳೆಲ್ಲ ಸೇರಿ ತೋಟದ ತಲೆಯ ಕೆರೆಯ ಹೂಳೆತ್ತಿದರು. ಅರ್ಧ ಕೆಲಸ, ಅರ್ಧ ಕೆಸರಾಟ. ಸಂತೋಷದಿಂದಲೇ ಮಾಡಿದರೆಂದು ಸುಳ್ಳು ಹೇಳಲಾರೆ. ಜಿಗಣೆಗೆ ಹೆದರಿ ಒಬ್ಬ ಅಳಿಯ ದಂಡೆಯಲ್ಲೇ ಕುಳಿತಿದ್ದ. ಆ ಡಿಸೆಂಬರಿನಲ್ಲಿ ಮಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಂಡೆ. ಇದನ್ನು ಒಪ್ಪದ ಮಿತ್ರರು ನಮ್ಮಲ್ಲಿದ್ದಾರೆಂದು ಬಲ್ಲೆ. ನನ್ನ ತಕರಾರು ಮಗುವಿನ ಆಟದ ಮೇಲಲ್ಲ, ಋತುವನ್ನು ಮರೆತ ವ್ಯಾಪಾರದ ಮೇಲೆ.

ಆದ್ದರಿಂದ ಈ ಮೂರು ಬೇಡಿಕೆಗಳು. ಒಂದು, ಪ್ರತಿ ಜಲೋದ್ಯಾನ ಹಾಗೂ ರೆಸಾರ್ಟ್ ತಾನು ದಿನವೂ ಹೊಸದಾಗಿ ತುಂಬಿಕೊಳ್ಳುವ ನೀರಿನ ಪ್ರಮಾಣವನ್ನೂ ಅದರ ಮೂಲವನ್ನೂ ಟಿಕೆಟ್ ದರದ ಪಕ್ಕದಲ್ಲಿಯೇ ಬರೆದು ತೂಗುಹಾಕಲಿ. ಎರಡು, ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ ದಿನದಿಂದ ಮಳೆ ಬರುವವರೆಗೆ ನೀರಿನ ಆಟಗಳು ನಿಲ್ಲಲಿ. ತಿರುಗುವ ತೊಟ್ಟಿಲು, ಉಯ್ಯಾಲೆ ನಡೆಯಲಿ, ಯಾರ ಕೂಲಿಯೂ ತಪ್ಪುವುದು ಬೇಡ. ಮೂರು, ರಾಜ್ಯದಲ್ಲಿ 2011ರಿಂದ ಅಂತರ್ಜಲ ಅಧಿನಿಯಮವಿದೆ. ಅದು ಕಪಾಟಿನಿಂದ ಹೊರಬಂದು, ಘಟ್ಟದ ಒರತೆಗಳ ನೆತ್ತಿಯ ಮೇಲೆ ಈಜುಕೊಳಕ್ಕಾಗಿ ಕೊಳವೆಬಾವಿ ಕೊರೆಯುವುದನ್ನು ತಡೆಯಲಿ. ಗ್ರಾಮಸಭೆಗಳಲ್ಲಿ ಈ ಮೂರನ್ನೂ ಠರಾವು ಮಾಡಿಸುವ ಹೊಣೆ ನಮ್ಮದು.

ಬೇಡಿಕೆ ಸಲ್ಲಿಸುವ ಮುನ್ನ ಮನೆಯಲ್ಲಿ ಮಾಡಬೇಕಾದ ಕೆಲಸವೊಂದಿದೆ. ಬರುವ ಬೇಸಿಗೆಗೂ ನಿಮ್ಮ ಮನೆಗೆ ನೆಂಟರು ಬರುತ್ತಾರೆ, ಬರಲಿ. ಯಾದಿಯನ್ನೂ ಬರೆಯಿರಿ. ಆದರೆ ಮೊದಲ ಸಾಲು ಬರೆಯುವ ಮುನ್ನ ನಿಮ್ಮ ಬಾವಿಗೆ ಹಗ್ಗ ಇಳಿಸಿ ಅಳೆಯಿರಿ. ಸಿಕ್ಕ ಅಂಕೆಯನ್ನು ಯಾದಿಯ ತಲೆಯಲ್ಲಿ ಬರೆದು, ಆಮೇಲೆ ಅಕ್ಕನಿಗೆ ಫೋನ್ ಮಾಡಿ.