ಕೇಸೇ ಇಲ್ಲದ ಎಂಟೂವರೆ ತಿಂಗಳು

ಕಳೆದ ವಾರ ಪುಣೆಯ ನಮ್ಮ ಆಫೀಸಿನಲ್ಲಿ ಊಟ ಮಾಡುವಾಗ ಯಾರದೋ ಬಂಧನದ ಸುದ್ದಿ ಬಂತು. "ತಪ್ಪ ಮಾಡಿಲ್ಲಂದ್ರ ಪೊಲೀಸರು ಸುಮ್ಮಸುಮ್ನ ಯಾಕ ಹಿಡೀತಾರಲೇ?" ಅಂದ ಹುಬ್ಬಳ್ಳಿಯ ಗೆಳೆಯ. ನಾನು ತಲೆ ತಗ್ಗಿಸಿ ಡಬ್ಬಿ ಖಾಲಿ ಮಾಡಿದೆ. ಹತ್ತು ವರ್ಷದ ಹಿಂದೆ ನಾನೂ ಹೀಗೇ ಮಾತಾಡುತ್ತಿದ್ದೆ, ಹಾಗಾಗಿ ಅವನ ಮೇಲೆ ಸಿಟ್ಟು ಬರಲಿಲ್ಲ.

ಶನಿವಾರ ಮನೆಯಲ್ಲಿ 'ಸಂಸ್ಕಾರ' ನೋಡಿದೆವು. ಅದರಲ್ಲಿ ಚಂದ್ರಿಯಾಗಿದ್ದವರು ಸ್ನೇಹಲತಾ ರೆಡ್ಡಿ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ. ಆ ಚಿತ್ರಕ್ಕೆ ಇದೇ ದೇಶದ ಸರ್ಕಾರ ಸ್ವರ್ಣಪದಕ ಕೊಟ್ಟಿತ್ತು. ಕೆಲವೇ ವರ್ಷಗಳ ನಂತರ, ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 2ರಂದು ಅವರನ್ನು ಬಂಧಿಸಲಾಯಿತು. ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆ, ಬರೋಡಾ ಡೈನಮೈಟ್ ಪ್ರಕರಣದಲ್ಲಿ ಕೈವಾಡವಿದೆ ಎಂಬ ಅನುಮಾನ. ಆ ಪ್ರಕರಣದ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲೇ ಉಳಿದರು. ಯಾಕೆ ಹಿಡಿದಿದ್ದೇವೆ ಎಂದು ಹೇಳುವ ಅಗತ್ಯವೂ ಆಗ ಮೀಸಾದಲ್ಲಿ ಇರಲಿಲ್ಲ. ಅವರಿಗೆ ಆಸ್ತಮಾ ಇತ್ತು. ಜೈಲಿನಲ್ಲಿ ಅದು ಮಿತಿಮೀರಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ನಡುವೆ 18ನೇ ತಾರೀಖು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದ್ದರು.

ಕೋರ್ಟಿಗೆ ಹೋಗಬಹುದಿತ್ತಲ್ಲ ಅನ್ನಿಸುತ್ತದೆ. ಆ ಬಾಗಿಲು ಅವರ ಬಂಧನಕ್ಕೆ ನಾಲ್ಕು ದಿನ ಮೊದಲು, ಏಪ್ರಿಲ್ 28ಕ್ಕೆ ಮುಚ್ಚಿತ್ತು. ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೈಕಿ ನಾಲ್ವರು, ತುರ್ತು ಪರಿಸ್ಥಿತಿ ಇರುವಾಗ ಬಂಧಿತರು ಹೇಬಿಯಸ್ ಕಾರ್ಪಸ್ ಕೇಳುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರ ಕೈತಪ್ಪಿತು. ಆ ತೀರ್ಪನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಾಗಂತ ಎಲ್ಲ ಸರಿಹೋಯಿತು ಅಂದುಕೊಂಡರೆ ತಪ್ಪು. ಮುನ್ನೆಚ್ಚರಿಕೆ ಬಂಧನಕ್ಕೆ ನಮ್ಮ ಸಂವಿಧಾನದ 22ನೇ ವಿಧಿಯಲ್ಲೇ ಜಾಗವಿದೆ. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಇಡಬಹುದು. ಅದನ್ನು ಎರಡು ತಿಂಗಳಿಗೆ ಇಳಿಸಿ 1978ರಲ್ಲೇ ಸಂಸತ್ತು 44ನೇ ತಿದ್ದುಪಡಿ ಮಾಡಿತು, ಆದರೆ ಆ ಭಾಗ ಜಾರಿಗೆ ಬರುವ ಅಧಿಸೂಚನೆ ಹೊರಡಲೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೋಡ್ ಬರೆದಾಗಿದೆ, ಅಪ್ರೂವಲ್ ಸಿಕ್ಕಿದೆ, ರಿಲೀಸ್ ಮಾತ್ರ ಆಗಿಲ್ಲ. ಅಷ್ಟು ಸರ್ಕಾರಗಳು ಬಂದು ಹೋದವು. ಮೀಸಾದಲ್ಲಿ ಜೈಲು ಕಂಡವರೇ ಮಂತ್ರಿಗಳಾದರು. ಇನ್ನು ಯುಎಪಿಎ ಅಡಿಯಲ್ಲಿ ಆರೋಪಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನದವರೆಗೆ ಸಮಯ ಸಿಗಬಹುದು. ಆರು ತಿಂಗಳು ಆಫೀಸಿಗೆ ಬಾರದವನ ಇಎಂಐ ಯಾರು ಕಟ್ಟುತ್ತಾರೆ, ಅವನ ಮಗುವಿಗೆ ಶಾಲೆಯಲ್ಲಿ ಏನು ಕೇಳುತ್ತಾರೆ, ಊಟದ ಮೇಜಿನಲ್ಲಿ ನಮಗೆ ಇದು ಹೊಳೆಯುವುದಿಲ್ಲ.

ಸೋಮವಾರ ಗೆಳೆಯನಿಗೆ ಸ್ನೇಹಲತಾ ಅವರ ಕತೆ ಹೇಳಿದೆ. ಅವನೂ 'ಸಂಸ್ಕಾರ' ನೋಡಿದವನೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮ್ಯಾಲ ಕೇಸ್ ಏನಾತು?" ಅಂದ.

"ಅವರ ಮೇಲೆ ಕೇಸೇ ಉಳಿದಿರಲಿಲ್ಲ ಮಾರಾಯ" ಅಂದೆ. ಅವನು ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದ.