ಚಂದಾ ಎತ್ತೋಕೆ ಆರು ತಿಂಗಳ ಕೋಡ್ ಯಾಕೆ?

ಚಂದಾದಾರರಿಂದ ನಡೆಯುವ ವೆಬ್‌ಸೈಟ್ ಮಾಡೋಕೆ ಎಷ್ಟು ದಿನ ಬೇಕು ಅಂತ ಕೇಳಿ ನೋಡಿ. ರೆಡಿಮೇಡ್ ಕೋಡ್ ಮಾರುವವರು ‘ಒಂದು ವೀಕೆಂಡ್ ಸಾಕು’ ಅಂತಾರೆ. ದೊಡ್ಡ ಕಂಪನಿಯಲ್ಲಿ ಪಳಗಿ ಊರಿಗೆ ಬಂದ ಎಂಜಿನಿಯರುಗಳು ‘ಆರು ತಿಂಗಳು’ ಅಂತಾರೆ. ಕುಮಟಾದಲ್ಲಿ ಕೂತು ಇದೇ ಕೆಲಸದಿಂದ ಹೊಟ್ಟೆ ಹೊರೆಯುವ ನಾನು ಇಬ್ಬರನ್ನೂ ಒಪ್ಪೋದಿಲ್ಲ. ಯಕ್ಷಗಾನದ ವಿಡಿಯೋ ತೋರಿಸುವ ನಾಲ್ಕು ಜನರ ತಂಡವೋ, ಟ್ಯೂಷನ್ ಮೇಷ್ಟ್ರೋ ಕೂಡಿಟ್ಟ ದುಡ್ಡು ಇವರಿಬ್ಬರ ನಡುವೆ ಕರಗಿಹೋಗ್ತದೆ.

ಮೊದಲು ಆರು ತಿಂಗಳಿನವರ ವಿಷಯ. ಲಾಗಿನ್ ಅವರೇ ಬರೀಬೇಕು, ಪಾಸ್‌ವರ್ಡ್ ಮರೆತವರಿಗೆ ದಾರಿ ಅವರೇ ಮಾಡಬೇಕು, ಅಡ್ಮಿನ್ ಪುಟವೂ ಅವರದ್ದೇ ಆಗಬೇಕು. ಯಾಕೆ ಮಾರಾಯ್ರೆ? ಜಾಂಗೋ ಹೊರಬಂದದ್ದು 2005ರಲ್ಲಿ. ಈ ಮೂರೂ ಅದರೊಳಗೆ ಸಿದ್ಧವಾಗಿಯೇ ಇವೆ. ಸಾವಿರಾರು ಜನ ಬಳಸಿ, ತಪ್ಪು ಹುಡುಕಿ ತಿದ್ದಿದ ಕೋಡ್ ಅದು. ಅಘನಾಶಿನಿಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಣಿಕಟ್ಟಾದಲ್ಲಿ ಕಗ್ಗ ಭತ್ತ ಬೆಳೆಯುವವರು ಉಪ್ಪುನೀರು ತಡೆಯೋಕೆ ತಲೆಗೊಂದು ಕಟ್ಟೆ ಹಾಕಿಕೊಳ್ಳೋದಿಲ್ಲ. ಕಟ್ಟೆ ಎಲ್ಲರದ್ದೂ ಸೇರಿ ಒಂದೇ. ಲಾಗಿನ್ ಅನ್ನೋದೂ ಅಂಥ ಕಟ್ಟೆಯೇ.

ಹಾಗಾದ್ರೆ ವೀಕೆಂಡಿನವರು ಸರಿಯೋ? ಅವರ ರೆಡಿಮೇಡ್ ಕಿಟ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಗ್ರಾಹಕರನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಕಾರ್ಡ್ ನಂಬರ್ ಒಮ್ಮೆ ಕೊಟ್ಟರಾಯ್ತು, ತಿಂಗಳು ತಿಂಗಳೂ ತನ್ನಷ್ಟಕ್ಕೆ ದುಡ್ಡು ಕಟ್ ಆಗ್ತದೆ ಅನ್ನೋ ಲೆಕ್ಕ. ನಮ್ಮಲ್ಲಿ ಆ ಲೆಕ್ಕ ನಡೆಯೋದಿಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿ ಜಾರಿಗೆ ಬಂತು: ದುಡ್ಡು ಕಟ್ ಮಾಡೋಕೆ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು. 2022ರ ಜೂನ್‌ನಲ್ಲಿ ಮಿತಿ ಏರಿದ ಮೇಲೂ, ಸಾಮಾನ್ಯವಾಗಿ 15,000 ರೂಪಾಯಿ ದಾಟಿದರೆ ಪ್ರತಿ ಸಲ ಮತ್ತೆ ಒಪ್ಪಿಗೆ ಬೇಕು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿ ತನ್ನ ಬಳಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತೆಯೂ ಇಲ್ಲ. ಕಾರ್ಡ್ ಮಾತು ಹಾಗಿರಲಿ, ನಮ್ಮ ಕಡೆ ಮೀನು ಕೊಂಡರೂ ಕ್ಯೂಆರ್ ಸ್ಕ್ಯಾನ್ ಮಾಡ್ತೇವೆ. ಕಗ್ಗವೇ ಬೇಕಾದ ಉಪ್ಪುನೀರಿನ ಗದ್ದೆಗೆ ಬಯಲುಸೀಮೆಯ ಬೀಜ ಎರಚಿದ ಹಾಗೆ ಈ ಕಿಟ್‌ಗಳು. ವೀಕೆಂಡಿನಲ್ಲಿ ಉಳಿದ ಸಮಯ ಮುಂದಿನ ಎರಡು ತಿಂಗಳು ಅದನ್ನು ಬಿಚ್ಚಿ ಹೊಲಿಯೋದರಲ್ಲಿ ಹೋಗ್ತದೆ.

ನನ್ನ ವಾದ ಸರಳ. ಶುರುವಿಗೆ ವಾರ್ಷಿಕ ಚಂದಾ ಸಾಕು. ಕನ್ನಡದ ಪತ್ರಿಕೆಗಳು ಎಷ್ಟೋ ಕಾಲದಿಂದ ನಡೆದದ್ದು ಹಾಗೇ: ವರ್ಷಕ್ಕೊಮ್ಮೆ ದುಡ್ಡು, ಮುಗಿಯೋಕೆ ಬಂದಾಗ ಒಂದು ನೆನಪು. ಫೋನ್ ನಂಬರು, ದುಡ್ಡು ಬಂದ ದಿನ, ಚಂದಾ ಮುಗಿಯುವ ದಿನ, ಇಷ್ಟು ಬರೆದಿಡೋಕೆ ಜಾಗ ಇದ್ದರೆ ಆಯ್ತು. ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರು ಪ್ಲಾನು, ಕೂಪನ್ನು, ತಿಂಗಳ ನಡುವೆ ಪ್ಲಾನ್ ಬದಲಿಸಿದರೆ ದಿನದ ಲೆಕ್ಕ, ಇವೆಲ್ಲ ಐವತ್ತು ಜನ ಚಂದಾದಾರರೂ ಇಲ್ಲದವರಿಗೆ ಯಾಕೆ ಬೇಕು?

ಹೀಗೆ ಉಳಿಸಿದ ಸಮಯವನ್ನು ಒಂದು ಕಡೆ ಮಾತ್ರ ಧಾರಾಳವಾಗಿ ಸುರೀರಿ: ದುಡ್ಡು ಕಟ್ಟಿದ ಮರುಕ್ಷಣ. ಮಳೆಗಾಲದಲ್ಲಿ ಒಬ್ಬರು ಮುನ್ನೂರು ರೂಪಾಯಿ ಕಟ್ತಾರೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಗ್ತದೆ. ಖಾತೆಯಿಂದ ದುಡ್ಡು ಹೋಗಿದೆ, ಫೋನು ನಿಮ್ಮ ಪುಟಕ್ಕೆ ವಾಪಸ್ ಬಂದಿಲ್ಲ. ಆ ವಾಪಸಾತಿಯನ್ನೇ ನಂಬಿ ಬರೆದ ಕೋಡ್ ಅವರಿಗೆ ಬಾಗಿಲು ತೆರೆಯೋದೇ ಇಲ್ಲ. ಪೇಮೆಂಟ್ ಗೇಟ್‌ವೇ ತನ್ನ ಸರ್ವರಿನಿಂದ ನಿಮ್ಮ ಸರ್ವರಿಗೆ ನೇರವಾಗಿ ಕಳಿಸುವ ವೆಬ್‌ಹುಕ್ ಸಂದೇಶವನ್ನು ಹಿಡೀಬೇಕು. ಅದರ ಸಹಿ ಸರಿಯಿದೆಯೋ ನೋಡಬೇಕು. ಅದೇ ಸಂದೇಶ ಎರಡು ಸಲ ಬಂದರೂ ಚಂದಾ ಒಂದೇ ಸಲ ಮುಂದೆ ಹೋಗಬೇಕು. ಈ ನಾಲ್ಕಾರು ಸಾಲಿನ ಕೋಡಿಗೆ ಒಂದು ವಾರ ಕೊಟ್ಟರೂ ನಷ್ಟ ಇಲ್ಲ.

‘ತಿಂಗಳಿಗಿಷ್ಟು ಅಂದ್ರೆ ಜನ ಬೇಗ ಸೇರ್ತಾರಲ್ಲ’ ಅಂತ ಕೇಳ್ತೀರಿ. ಸೇರ್ತಾರೆ, ನಿಜ. ಆಗ ಗೇಟ್‌ವೇ ಮೂಲಕ ಯುಪಿಐ ಆಟೋಪೇ ಜೋಡಿಸಿ. 2020ರ ಜುಲೈನಿಂದ ಅದು ಇದೆ. ಆದರೆ ನಿಲ್ಲಿಸುವ ಬಟನ್ ಸೇರುವ ಬಟನ್ನಿನಷ್ಟೇ ದೊಡ್ಡದಾಗಿರಲಿ. ಚಂದಾದಾರ ಮರೆತಿದ್ದಾನೆ ಅನ್ನೋದರ ಮೇಲೆಯೇ ನಡೆಯುವ ವ್ಯಾಪಾರಗಳಿವೆ. ಸಂಜೆ ಪೇಟೆಯಲ್ಲಿ ಎದುರು ಸಿಗುವ ಜನರ ಹತ್ತಿರ ಹಾಗೆ ಮಾಡಿ ತಲೆ ಎತ್ತಿ ನಡೆಯೋಕಾಗೋದಿಲ್ಲ.

ಹಾಗಾಗಿ ಯಾರಾದರೂ ನಿಮಗೆ ಇಂಥ ಕೆಲಸದ ಕೊಟೇಶನ್ ತಂದರೆ ಎಷ್ಟು ದಿನ ಅಂತ ಆಮೇಲೆ ಕೇಳಿ. ದುಡ್ಡು ಕಟ್ ಆಗಿ ನೆಟ್‌ವರ್ಕ್ ಹೋದರೆ ಏನಾಗ್ತದೆ? ಚಂದಾ ನಿಲ್ಲಿಸೋಕೆ ಎಲ್ಲಿ ಒತ್ತಬೇಕು? ಈ ಎರಡಕ್ಕೆ ತಡವರಿಸಿದರೆ ಚಾ ಕುಡಿಸಿ ಕಳಿಸಿಬಿಡಿ.